ಕ್ಯಾಲಿಪರ್‌ನಿಂದ ಮೂಲೆಕುರ್ಚಿಗೆ

1956ರ ಏಕೀಕರಣದವರೆಗೆ ಕಾರವಾರ, ಅಂಕೋಲೆಗಳಿಗೆ ರಾಜಧಾನಿ ಮುಂಬಯಿ. ಆಮೇಲೆ ಬೆಂಗಳೂರು, ಅದೂ ಘಟ್ಟ ಹತ್ತಿ ಸುಮಾರು ಐನೂರು ಕಿಲೋಮೀಟರ್. ಅಂಗವಿಕಲ ಮಕ್ಕಳಿಗಾಗಿ ದುಡಿದ ದೊಡ್ಡ ಸಂಸ್ಥೆಗಳು ಹುಟ್ಟಿದ್ದೂ ದೂರದ ಆ ಬೆಂಗಳೂರಿನಲ್ಲೇ. ಸ್ವತಃ ಪೋಲಿಯೊ ಪೀಡಿತರಾಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಕಟ್ಟಿದರು. 1980ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ, 1994ರಲ್ಲಿ ಮೊಬಿಲಿಟಿ ಇಂಡಿಯಾ ಬಂದವು.

ಪೋಲಿಯೊ ಕಾಲದಲ್ಲಿ ಚಿಂತೆಯೆಲ್ಲ ಕಾಲಿನದು: ಚರ್ಮದ ಪಟ್ಟಿ, ಕಬ್ಬಿಣದ ಸರಳಿನ ಕ್ಯಾಲಿಪರ್. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು, 2014ರಲ್ಲಿ ಭಾರತ ಪೋಲಿಯೊ ಮುಕ್ತವೆನಿಸಿತು. ಈಗ ಗಮನ, ಮಿದುಳಿನ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಯ ಕಡೆಗೆ. ಅಲ್ಲಿ ಕತ್ತು, ಬೆನ್ನು, ಸೊಂಟ ಎಲ್ಲಕ್ಕೂ ಆಸರೆ ಬೇಕು.

ಅದಕ್ಕೇ ಮೂಲೆಕುರ್ಚಿ. ಲಂಬಕೋನದಲ್ಲಿ ಕೂಡಿಸಿದ ಎರಡು ಹಲಗೆ ಹೆಗಲನ್ನು ಮುಂದಕ್ಕೆ ತರುತ್ತವೆ. ತೊಡೆಗಳ ನಡುವಿನ ಗೂಟ ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳದಂತೆ ತಡೆಯುತ್ತದೆ. ಎದುರಿನ ಹಲಗೆಯ ಮೇಲೆ ಗಂಜಿ ಬಟ್ಟಲು. ಮದ್ದಿಗಿಂತ ಇದು ಬಡಗಿಯ ಕೆಲಸ ಎನ್ನಿ! ಅಳತೆ ತಪ್ಪಿದರೆ ಮಗು ಜಾರಿ ಬಾಗುತ್ತದೆ.

2016ರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆ ಬಂತು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ತೆರೆಯಿತು. ಮಗು ಮಾತ್ರ ಕಾಯ್ದೆಗೆ ಕಾಯದೆ ಬೆಳೆಯುತ್ತದೆ. ಒಂದೆರಡು ವರ್ಷಕ್ಕೆ ಕುರ್ಚಿ ಚಿಕ್ಕದಾಗಿ, ಮತ್ತೆ ಅಳತೆಪಟ್ಟಿ ಹಿಡಿಯಬೇಕು.