ಗೇಟಿನಿಂದ ಜಗುಲಿವರೆಗೆ

ನಮ್ಮೂರು ಕಾಮಸಮುದ್ರ ಅಂದ ತಕ್ಷಣ ಆಫೀಸಿನಲ್ಲಿ ಯಾರಾದರೂ ಒಬ್ಬರು "ಕರಾವಳಿ ಕಡೆನಾ?" ಅಂತ ಕೇಳೇ ಕೇಳ್ತಾರೆ. ಕರಾವಳಿಗೂ ನಮಗೂ ಸಂಬಂಧವಿಲ್ಲ. ಬಂಗಾರಪೇಟೆ ತಾಲ್ಲೂಕಿನ ಒಂದು ಹೋಬಳಿ ನಮ್ಮದು. ಆಂಧ್ರದ ಗಡಿಯೂ ಹತ್ತಿರ, ತಮಿಳುನಾಡಿನ ಗಡಿಯೂ ಹತ್ತಿರ. ಸಂತೆಯಲ್ಲಿ ಮೂರು ಭಾಷೆ ಕೇಳಿಸುತ್ತೆ. ಬಯಲುಸೀಮೆಯಲ್ಲಿ ‘ಸಮುದ್ರ’ ಅಂದ್ರೆ ಕೆರೆ. ನದಿ ಇಲ್ಲದ ನಾಡಿನವರು ಕೆರೆ ಕಟ್ಟಿ, ಅದು ತುಂಬಿದ್ದನ್ನು ನೋಡಿ, ಅದಕ್ಕೆ ಸಮುದ್ರ ಅಂತಲೇ ಹೆಸರಿಟ್ಟರು. ನೀರಿನ ಮೇಲೆ ಅಷ್ಟು ಆಸೆ ಇತ್ತು ಅಂತ ಇದರಿಂದಲೇ ತಿಳಿಯುತ್ತೆ.

ಈ ಬರಹ ಗಿಡಮರಗಳ ಬಗ್ಗೆ. ಅದರಲ್ಲೂ ರಸ್ತೆಯಿಂದ ಮನೆ ಬಾಗಿಲಿಗೆ ಹೋಗುವ ದಾರಿಯ ಎರಡೂ ಬದಿಯಲ್ಲಿ ನೆಡುವ ಗಿಡಮರಗಳ ಬಗ್ಗೆ. ಇಂಗ್ಲಿಷಿನವರು ಅದಕ್ಕೆ ‘ಡ್ರೈವ್‌ವೇ’ ಅಂತಾರೆ. ನಮ್ಮಲ್ಲಿ ಅದಕ್ಕೊಂದು ಖಾಸಾ ಪದವಿಲ್ಲ. ತೋಟದ ಮನೆಗೆ ಹೋಗೋದು ಬಂಡಿ ಜಾಡು, ಅಷ್ಟೇ. ನಮ್ಮ ಮನೆಗೂ ಟಾರು ರಸ್ತೆಯಿಂದ ಸುಮಾರು ಇನ್ನೂರು ಅಡಿಯ ಇಂಥದ್ದೊಂದು ಜಾಡಿದೆ. ಎರಡು ಕಡೆ ಖಾಲಿ. ಇಲ್ಲಿ ವರ್ಷವಿಡೀ ಏನಾದರೊಂದು ಹೂ ಬಿಡುವ ಹಾಗೆ ಗಿಡ ಹಾಕೋಣ ಅಂತ ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹೂವೇನೋ ಚೆನ್ನಾಗಿರ್ತದೆ ಕಣಪ್ಪಾ, ನೀರ್ಯಾರು ಹಾಕ್ತಾರೆ?"

ಈ ಪ್ರಶ್ನೆ ಇಟ್ಟುಕೊಂಡು ಹಿಂದಕ್ಕೆ ಹೋದರೆ ನಮ್ಮ ಸೀಮೆಯ ದಾರಿಮರಗಳ ಚರಿತ್ರೆಯೇ ಬಿಚ್ಚಿಕೊಳ್ಳುತ್ತೆ.

ದಾರಿಬದಿ ಮರ ನೆಡೋದು ನಮ್ಮಲ್ಲಿ ಬಹಳ ಹಳೇ ಕೆಲಸ. ದಾರಿಗಳಲ್ಲಿ ಬಾವಿ ತೋಡಿಸಿದ್ದೇನೆ, ಮರ ನೆಡಿಸಿದ್ದೇನೆ ಅಂತ ಅಶೋಕ ತನ್ನ ಎರಡನೇ ಬಂಡೆ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಮನುಷ್ಯರಿಗೂ ಆಯ್ತು, ಪಶುಗಳಿಗೂ ಆಯ್ತು ಅಂತ. ಗಮನಿಸಿ, ಬಾವಿ ಮತ್ತು ಮರ ಎರಡೂ ಜೊತೆಯಲ್ಲೇ ಬರುತ್ತವೆ. ಅಪ್ಪನ ಪ್ರಶ್ನೆಗೆ ಉತ್ತರ ಕೊಟ್ಟೇ ಆತ ಮರ ನೆಡಿಸಿದ್ದು.

ನಮ್ಮ ಹಳ್ಳಿಗಳಲ್ಲಿ ಇದೇ ಬುದ್ಧಿ ಗುಂಡುತೋಪುಗಳಲ್ಲಿ ಕಾಣುತ್ತೆ. ಊರ ಹೊರಗೆ, ಹೆಚ್ಚಾಗಿ ಕೆರೆಯ ಆಸುಪಾಸಿನಲ್ಲಿ, ಹುಣಸೆ, ಮಾವು, ಹೊಂಗೆ, ನೇರಳೆ ಮರಗಳ ಗುಂಪು. ಅದು ಯಾರೊಬ್ಬರದ್ದೂ ಅಲ್ಲ, ಊರಿನದ್ದು. ದನ ಮಲಗಲಿಕ್ಕೆ, ಸಂತೆಗೆ ಹೋಗೋರು ಬುತ್ತಿ ಬಿಚ್ಚಲಿಕ್ಕೆ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹಳೇ ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ಹುಣಸೆ ಆಫ್ರಿಕಾ ಮೂಲದ ಮರ ಅಂತಾರೆ ಸಸ್ಯಶಾಸ್ತ್ರದವರು. ಎಷ್ಟು ಹಿಂದೆ ಬಂದಿತೆಂದರೆ ನಮ್ಮ ಸಾರಿಗೆ ಅದು ಹೊರಗಿನದು ಅನ್ನೋ ನೆನಪೇ ಇಲ್ಲ.

ಇತ್ತೀಚಿನ ಉದಾಹರಣೆ ಎಲ್ಲರಿಗೂ ಗೊತ್ತು. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ಕಡೆ ಸುಮಾರು 4 ಕಿಲೋಮೀಟರ್ ಉದ್ದಕ್ಕೆ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಬೆಳೆಸಿದ ಆಲದ ಮರಗಳು. 2019ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಮರಗಳ ಲೆಕ್ಕ ಹೇಳಿದರು. ನನಗೆ ದೊಡ್ಡದಾಗಿ ಕಾಣೋದು ಬಿಂದಿಗೆಗಳ ಲೆಕ್ಕ. ಮೊದಲ ವರ್ಷ ಅವರು ನೆಟ್ಟಿದ್ದು 10 ಸಸಿ ಮಾತ್ರ. ಮುಂದಿನ ವರ್ಷ 15, ಅದರ ಮುಂದಿನ ವರ್ಷ 20. ಹೊತ್ತುಕೊಂಡು ಹೋಗಿ ಹಾಕಲು ಆಗುವಷ್ಟೇ ನೀರು, ಆ ನೀರಿಗೆ ತಕ್ಕಷ್ಟೇ ಸಸಿ. ಮಳೆಗಾಲದಲ್ಲಿ ನೆಡೋದು, ದನ ಮೇಯದ ಹಾಗೆ ಮುಳ್ಳು ಕಟ್ಟೋದು. ನಮ್ಮ ಪ್ರಾಜೆಕ್ಟ್ ಮ್ಯಾನೇಜರುಗಳು ‘ಕೆಪಾಸಿಟಿ ಪ್ಲಾನಿಂಗ್’ ಅಂತ ಎರಡು ದಿನ ತರಬೇತಿ ಕೊಡ್ತಾರಲ್ಲ, ಅದೇ ಇದು.

ಇನ್ನು ‘ಡ್ರೈವ್‌ವೇ’ ಅನ್ನೋ ತರಹದ್ದು ನಮ್ಮ ಸೀಮೆಗೆ ಬಂದಿದ್ದು ಚಿನ್ನದ ಜೊತೆ.

1802ರಲ್ಲಿ ಮೈಸೂರಿನ ಪೂರ್ವದ ಗಡಿ ಸರ್ವೆ ಮಾಡುತ್ತಿದ್ದ ಜಾನ್ ವಾರನ್ ಎಂಬ ಸೇನಾಧಿಕಾರಿ ಮಾರಿಕುಪ್ಪದ ಸುತ್ತ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯೋದನ್ನು ಬರೆದಿಟ್ಟ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ ರೈಲು ಬಂತು. ಇವತ್ತಿಗೂ ನಾನು ಶನಿವಾರ ಊರಿಗೆ ಬರೋದು ಅದೇ ಹಾದಿಯಲ್ಲಿ. 1870ರ ದಶಕದಲ್ಲಿ ಮೈಕೇಲ್ ಲವೆಲ್ ಎಂಬ ಐರಿಷ್ ನಿವೃತ್ತ ಸೈನಿಕ ಗಣಿಗಾರಿಕೆಯ ಹಕ್ಕು ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಇವನ ಹೆಸರಿನದೇ. 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಆಮೇಲೆ ಬೌರಿಂಗ್‌ಪೇಟೆ, ಅಂದ್ರೆ ಇವತ್ತಿನ ಬಂಗಾರಪೇಟೆಯಿಂದ ಗಣಿಗೆ ಕವಲು ರೈಲು ಬಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಕರೆಂಟು ತಂದರು. ಬೆಂಗಳೂರಿಗೆ ಬೀದಿದೀಪ ಬಂದಿದ್ದು 1905ರಲ್ಲಿ, ಕೆಜಿಎಫ್ ಆಮೇಲೆ.

ಗಣಿಯ ಅಧಿಕಾರಿಗಳಿಗೆ ಬಂಗಲೆ ಕಟ್ಟಿದರು. ಅಗಲವಾದ ಕಾಂಪೌಂಡು, ಗೇಟು, ಗೇಟಿನಿಂದ ಪೋರ್ಟಿಕೋವರೆಗೆ ಸಾರೋಟು ಬಳಸಿಕೊಂಡು ಬರುವ ದಾರಿ, ದಾರಿಯ ಅಂಚಿಗೆ ಹೂಗಿಡ, ನಡುವೆ ಹುಲ್ಲುಹಾಸು. ಹವೆ ತಂಪು, ಕ್ಲಬ್ಬಿದೆ, ಗಾಲ್ಫ್ ಇದೆ, ‘ಪುಟ್ಟ ಇಂಗ್ಲೆಂಡ್’ ಅಂತ ಹೆಸರೂ ಬಂತು. ಆದರೆ ಇಂಗ್ಲೆಂಡಿನ ಹುಲ್ಲಿಗೆ ಆಕಾಶವೇ ನೀರು ಹಾಕುತ್ತೆ. ನಮ್ಮ ಕೋಲಾರದಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ, ಅದೂ ಹೆಚ್ಚಿನದು ಆಗಸ್ಟ್‌ನಿಂದ ಅಕ್ಟೋಬರಿನ ಒಳಗೆ. ಹಾಗಾದ್ರೆ ಬಂಗಲೆಯ ಹೂವಿಗೆ ನೀರ್ಯಾರು ಹಾಕಿದರು? ಪಾಲಾರ್ ಹೊಳೆಯ ಬೇತಮಂಗಲ ಕೆರೆ ಹಾಕಿತು. ಅಲ್ಲಿಂದ ನೀರನ್ನು ಪಂಪು ಮಾಡಿ ಗಣಿ ಪಟ್ಟಣಕ್ಕೆ ತರುತ್ತಿದ್ದರು.

ಅದೇ ನೀರು ಕಾರ್ಮಿಕರ ಲೈನುಗಳಿಗೂ ಹೋಗುತ್ತಿತ್ತು, ಬೀದಿ ನಲ್ಲಿಗೆ. ಉತ್ತರ ಆರ್ಕಾಟು, ಸೇಲಂ ಕಡೆಗಳಿಂದ ಬಂದು ಭೂಮಿಯೊಳಗೆ ಇಳಿದವರು, ಹೆಚ್ಚಿನವರು ದಲಿತರು, ತಟ್ಟಿ ಗೋಡೆಯ ಸಾಲುಮನೆಗಳಲ್ಲಿ ಇದ್ದರು. ಅಲ್ಲಿ ಗೇಟೂ ಇಲ್ಲ, ದಾರಿಯೂ ಇಲ್ಲ. ಬಾಗಿಲು ತೆಗೆದರೆ ಎದುರಿನವರ ಬಾಗಿಲು. ಒಂದೇ ಕೆರೆಯ ನೀರು ಒಂದು ಕಡೆ ಬಿಂದಿಗೆಯ ಲೆಕ್ಕ, ಇನ್ನೊಂದು ಕಡೆ ಹುಲ್ಲುಹಾಸು. ಕೆಜಿಎಫ್‌ನ ತೋಟಗಳನ್ನು ಹೊಗಳಿ ಬರೆದವರು ಬಹಳ ಜನ. ಆ ತೋಟದ ನೀರಿನ ಬಿಲ್ಲನ್ನು ಹೀಗೂ ಓದಬೇಕು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು. 2001ರ ಫೆಬ್ರವರಿ 28ಕ್ಕೆ ಬಾಗಿಲು ಮುಚ್ಚಿತು. ಹುಲ್ಲುಹಾಸು ಅನ್ನೋದು ಇಂಥ ಸಮಯದಲ್ಲಿ ಮೊದಲು ಸಾಯುತ್ತೆ. ಆಮೇಲೆ ಗುಲಾಬಿ. ಮಾಲಿಯ ಸಂಬಳ ನಿಂತ ಮೇಲೂ ನಿಂತಿರೋದು ದೊಡ್ಡ ಮರಗಳು ಮಾತ್ರ, ಬೇರು ಆಳಕ್ಕೆ ಇಳಿದವು. ಅವುಗಳ ಹಿನ್ನೆಲೆಗೆ ಸೈನೈಡ್ ಗುಡ್ಡಗಳಿವೆ. ಚಿನ್ನ ತೆಗೆದು ಉಳಿದ ಪುಡಿಯ ರಾಶಿ, 3 ಕೋಟಿ ಟನ್ನಿಗೂ ಮೇಲೆ. ಗಾಳಿ ಬೀಸುವ ತಿಂಗಳುಗಳಲ್ಲಿ ಆ ಧೂಳು ಮನೆಯೊಳಗಿನ ತಟ್ಟೆವರೆಗೂ ಬರುತ್ತೆ.

ಮೂರನೆಯ ಕಥೆ ಲಾಲ್‌ಬಾಗ್‌ನದು. 1908ರಲ್ಲಿ ಜಾನ್ ಕ್ಯಾಮರಾನ್ ಆದಮೇಲೆ ಅಲ್ಲಿಗೆ ಬಂದವರು ಜರ್ಮನಿಯ ಡ್ರೆಸ್ಡೆನ್ ಹತ್ತಿರ ಹುಟ್ಟಿದ ಗುಸ್ತಾವ್ ಹೆರ್ಮನ್ ಕ್ರುಂಬಿಗಲ್. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡ ಮಹಾರಾಜರ ಬಳಿ ಸೇರಿ, ಅಲ್ಲಿಂದ ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನಕ್ಕೆ ಬಂದವರು. 1932ರವರೆಗೆ ಅಧಿಕಾರದಲ್ಲಿದ್ದರು, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಯುದ್ಧದ ಕಾಲದಲ್ಲಿ ಜರ್ಮನ್ ಅನ್ನೋ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿ ಇಟ್ಟಿದ್ದೂ ಉಂಟು.

ಬೆಂಗಳೂರಿನ ರಸ್ತೆಗಳಲ್ಲಿ ಒಂದು ಮರದ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಶುರುವಾಗುವ ಹಾಗೆ ಮರ ಆರಿಸಬೇಕು ಅನ್ನೋ ವಿಚಾರಕ್ಕೆ ಇವರ ಹೆಸರೇ ಅಂಟಿಕೊಂಡಿದೆ. ಕಂಪ್ಯೂಟರಿನವರ ಭಾಷೆಯಲ್ಲಿ ಹೇಳೋದಾದ್ರೆ ವರ್ಷಕ್ಕೊಂದು ಶೆಡ್ಯೂಲರ್ ಬರೆದಿಟ್ಟ ಹಾಗೆ. ಜನವರಿ ಸುಮಾರಿಗೆ ಗುಲಾಬಿ ಬಣ್ಣದ ಟಬೂಬಿಯ, ಅದರ ಹಿಂದೆ ಹಳದಿಯದು, ಮಾರ್ಚಿನಲ್ಲಿ ನೇರಳೆ ಜಕರಂದ, ಏಪ್ರಿಲ್–ಮೇನಲ್ಲಿ ಗುಲ್‌ಮೊಹರ್. ಟಬೂಬಿಯ, ಜಕರಂದ ಅಮೆರಿಕ ಖಂಡದವು, ಗುಲ್‌ಮೊಹರ್ ಮಡಗಾಸ್ಕರಿನದು. ನಮ್ಮ ಮಕ್ಕಳು ಅದರ ಉದ್ದ ಕಾಯಿ ಹಿಡಿದು ಕತ್ತಿವರಸೆ ಆಡಿ ಅದಕ್ಕೆ ಕತ್ತಿಕಾಯಿ ಮರ ಅಂತ ಹೆಸರಿಟ್ಟು ನಮ್ಮದು ಮಾಡಿಕೊಂಡರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಬೆಂಗಳೂರಿಗೆ 15 ಲಕ್ಷ ಮರ ಸೇರಿಸಿದರು. ಇವತ್ತು ಫೆಬ್ರವರಿ ಬಂದರೆ ಎಲ್ಲರ ಮೊಬೈಲಿನಲ್ಲೂ ಗುಲಾಬಿ ಬಣ್ಣದ ರಸ್ತೆ ಇರೋದು ಇಂಥವರಿಂದ.

ಹೊರಗಿನ ಮರ ಅಂದ ತಕ್ಷಣ ಕೆಟ್ಟದ್ದು ಅಂತಲ್ಲ. ಆದರೆ ನಮ್ಮ ಜಿಲ್ಲೆಯವರಿಗೆ ನೀಲಗಿರಿ ಮರದ ನೆನಪು ಬೇಗ ಹೋಗಲ್ಲ. ಸಾಮಾಜಿಕ ಅರಣ್ಯದ ಹೆಸರಲ್ಲಿ ರಾಗಿ ಹೊಲಗಳೆಲ್ಲ ನೀಲಗಿರಿ ತೋಪಾದವು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಕೊಳವೆಬಾವಿಗಳು 1,000 ಅಡಿ ದಾಟಿದ್ದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ವಾರವಿಡೀ ನಾವು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸ್ನಾನ ಮಾಡಿದ ನೀರು ನಮ್ಮ ಜಿಲ್ಲೆಗೆ ನಮಗಿಂತ ಮೊದಲು ತಲುಪುತ್ತೆ!

ಈಗ ಆ ಇನ್ನೂರು ಅಡಿಗೆ ಬರೋಣ. ಮೂರು ಕಥೆಯಿಂದಲೂ ಒಂದೊಂದು ಪಾಠ ತಗೊಳ್ಳಬಹುದು. ಬಂಗಲೆಯಿಂದ ದಾರಿಯ ಅಂದ, ಕ್ರುಂಬಿಗಲ್ ಅವರಿಂದ ಹೂವಿನ ಸರದಿ, ತಿಮ್ಮಕ್ಕನಿಂದ ಬಿಂದಿಗೆಯ ಲೆಕ್ಕ. ಸರದಿಗೆ ಲಾಲ್‌ಬಾಗ್‌ನ ಪಟ್ಟಿಯೇ ಆಗಬೇಕೆಂದಿಲ್ಲ, ನಮ್ಮ ಗುಡ್ಡ-ಗೋಮಾಳದ ಮರಗಳಲ್ಲೇ ವರ್ಷ ತುಂಬುತ್ತೆ. ಫೆಬ್ರವರಿಯಲ್ಲಿ ಎಲೆಯೆಲ್ಲ ಉದುರಿಸಿ ಮುತ್ತುಗ ಕೆಂಪಾಗುತ್ತೆ. ಯುಗಾದಿ ಹೊತ್ತಿಗೆ ಹೊಂಗೆ ಚಿಗುರು, ಬೇವಿನ ಹೂ. ಬೇವು-ಬೆಲ್ಲಕ್ಕೆ ಹೂ ಗೇಟಿನ ಹತ್ತಿರವೇ ಸಿಗುತ್ತೆ. ಏಪ್ರಿಲ್–ಮೇನಲ್ಲಿ ಕಕ್ಕೆಯ ಹಳದಿ ಗೊಂಚಲು. ಮಳೆ ಶುರುವಾದರೆ ಹುಣಸೆಯ ಸಣ್ಣ ಹೂ, ಆಮೇಲೆ ತಂಗಡಿ. ತಂಗಡಿಗೆ ಯಾರೂ ನೀರು ಹಾಕಿದ್ದನ್ನು ನಾನು ಕಂಡಿಲ್ಲ, ದನವೂ ಅದನ್ನು ಮುಟ್ಟಲ್ಲ. ನವೆಂಬರಿನಲ್ಲಿ ಆಕಾಶ ಮಲ್ಲಿಗೆ. ಅದು ಬರ್ಮಾ ಕಡೆಯದು, ಒಬ್ಬ ನೆಂಟ ಇರಲಿ. ಬಚ್ಚಲು ನೀರು ಹರಿಯುವ ಮೂಲೆಯಲ್ಲಿ ಅಮ್ಮನ ಕನಕಾಂಬರ.

ನಮ್ಮ ಕಡೆಗೆ ಇನ್ನೊಂದು ಲೆಕ್ಕವೂ ಇದೆ, ಬಂಗಲೆಯವರು ಹಾಕದೇ ಇದ್ದದ್ದು. ಕಾಮಸಮುದ್ರ ಹೋಬಳಿಗೆ ಗಡಿಯಾಚೆಯ ಕಾಡಿನಿಂದ ಆನೆ ಬರುತ್ತವೆ. ರಾಗಿ, ಟೊಮೆಟೊ, ಬಾಳೆ ತುಳಿದು ಹೋಗುತ್ತವೆ, ಜೀವವೂ ಹೋಗಿದೆ. ಆದ್ದರಿಂದ ದಾರಿಬದಿಗೆ ಬಾಳೆ ಬೇಡ, ಹಲಸು ಬೇಡ. ಎದೆ ಮಟ್ಟದ ಒತ್ತಾದ ಬೇಲಿಯೂ ಬೇಡ. ಬಂಗಲೆಯ ಬೇಲಿ ಒಳಗಿನವರನ್ನು ಮರೆ ಮಾಡಲಿಕ್ಕೆ ಇತ್ತು. ನಮಗೆ ಬೆಳಗಿನ ಜಾವ ಜಗುಲಿಯಿಂದ ಟಾರ್ಚ್ ಬಿಟ್ಟರೆ ಗೇಟಿನ ಹತ್ತಿರ ಏನು ನಿಂತಿದೆ ಅಂತ ಕಾಣಬೇಕು. ವಯಸ್ಸಾದ ಅಪ್ಪ-ಅಮ್ಮ ಇರುವ ಮನೆಯಲ್ಲಿ ಇದೇ ಮೊದಲ ನಿಯಮ. ಹಾಗಾಗಿ ಕಾಂಡ ಎತ್ತರಕ್ಕೆ ಹೋಗುವ ಮರ, ಬುಡದಲ್ಲಿ ಮಂಡಿಗಿಂತ ಕೆಳಗಿನ ಗಿಡ, ನಡುವೆ ಖಾಲಿ.

ಮರಕ್ಕೂ ಮರಕ್ಕೂ 20 ಅಡಿ ಬಿಟ್ಟರೆ ಒಂದು ಬದಿಗೆ 10, ಎರಡು ಬದಿಗೆ 20. ಗುಂಡಿ ಬೇಸಿಗೆಯಲ್ಲೇ ತೋಡಿ ಬಿಸಿಲು ಕಾಯಿಸಬೇಕು, ಸಸಿ ಆರಿದ್ರಾ ಮಳೆಗೆ ಇಳಿಸಬೇಕು. ಎರಡು ಬೇಸಿಗೆ ದಾಟಿಸಿದರೆ ಆಮೇಲೆ ಬೇರು ತನ್ನ ದಾರಿ ತಾನು ನೋಡಿಕೊಳ್ಳುತ್ತೆ. ಒಂದು ಸಸಿಗೆ ವಾರಕ್ಕೆರಡು ಬಿಂದಿಗೆ ಅಂದ್ರೆ 20 ಸಸಿಗೆ 40 ಬಿಂದಿಗೆ. ಅದಕ್ಕೆ ಅಪ್ಪ, "ಈ ವರ್ಷ ಒಂದು ಕಡೆ ಹಾಕು. ಇನ್ನೊಂದು ಕಡೆ ಮುಂದಿನ ವರ್ಷ ನೋಡಾನ" ಅಂದರು.

ಮೊದಲ ಸಾಲು ಪಶ್ಚಿಮದ ಬದಿಗೆ ಅಂತ ತೀರ್ಮಾನವಾಗಿದೆ. ಸಂಜೆ ಬಿಸಿಲು ಬೀಳೋದು ಆ ಕಡೆಯಿಂದ.