ಸೋರುವ ಎಂಜಿನ್, ಬಿಚ್ಚಿ ಕಟ್ಟಿದ ಕೈಗಳು

ಹಳೆಯ ಅಂಬಾಸಿಡರ್ ಕಾರು ನಿಂತು ಹೋದ ಜಾಗವನ್ನು ಗುರುತಿಸುವುದು ಕಷ್ಟವೇನಲ್ಲ. ನೆಲದ ಮೇಲೆ ಅಂಗೈಯಗಲದ ಎಣ್ಣೆಯ ಕಲೆ ಉಳಿದಿರುತ್ತದೆ. ಮಾಲೀಕರಿಗೆ ಅದು ಕಿರಿಕಿರಿ, ಗ್ಯಾರೇಜಿನ ಮೇಸ್ತ್ರಿಗೆ ಅಂದಿನ ದುಡಿಮೆ. ಆ ಕಲೆಯ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಅದು ಗ್ಯಾಸ್ಕೆಟ್ ಎಂಬ ತೆಳುವಾದ ಹಾಳೆಯ ಇತಿಹಾಸ. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ 'ಪ್ಯಾಕಿಂಗ್' ಎಂದೂ ಹೇಳುತ್ತಾರೆ.

ಎರಡು ಲೋಹದ ಮೈಗಳನ್ನು ಎಷ್ಟೇ ನುಣುಪು ಮಾಡಿ ಜೋಡಿಸಿದರೂ ನಡುವೆ ಕಣ್ಣಿಗೆ ಕಾಣದ ಸಂದು ಉಳಿದೇ ಉಳಿಯುತ್ತದೆ. ಜೇಮ್ಸ್ ವಾಟ್‌ನ ಕಾಲದ ಉಗಿಯಂತ್ರಗಳಲ್ಲಿ ಈ ಸಂದನ್ನು ಮುಚ್ಚಲು ಕೊಬ್ಬಿನಲ್ಲಿ ಅದ್ದಿದ ಸೆಣಬಿನಂಥ ನಾರನ್ನು ತುರುಕುತ್ತಿದ್ದರು. ಪೆಟ್ರೋಲ್ ಎಂಜಿನ್ ಬಂದಾಗ ಈ ಉಪಾಯ ಸಾಲಲಿಲ್ಲ. ಅದರೊಳಗೆ ಇಂಧನ ಉರಿಯುವ ಕ್ಷಣದಲ್ಲಿ ತಾಪಮಾನ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆದ್ದರಿಂದ ಆರಂಭದ ಎಷ್ಟೋ ಎಂಜಿನ್‌ಗಳಲ್ಲಿ ಸಿಲಿಂಡರನ್ನೂ ಅದರ ತಲೆಯನ್ನೂ ಒಂದೇ ಎರಕದಲ್ಲಿ ಹೊಯ್ಯುತ್ತಿದ್ದರು. ಜೋಡಣೆಯೇ ಇಲ್ಲದ ಕಡೆ ಸೋರಿಕೆಯೂ ಇಲ್ಲ. ಆದರೆ ಒಳಗೆ ಮಸಿ ಕಟ್ಟಿದರೆ ಅದನ್ನು ಕೆರೆದು ತೆಗೆಯುವುದು ಹರಸಾಹಸವಾಗಿತ್ತು.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್‌ಗೆ ಬಿಚ್ಚಬಹುದಾದ ತಲೆಯಿತ್ತು. ಬೋಲ್ಟುಗಳನ್ನು ಕಳಚಿದರೆ ಪಾತ್ರೆಯ ಮುಚ್ಚಳದಂತೆ ಮೇಲೆತ್ತಬಹುದಿತ್ತು. ರಿಪೇರಿ ಸಾಮಾನ್ಯರ ಕೈಗೆಟುಕಿತು. ಜೊತೆಗೆ ಸೋರಬಹುದಾದ ಒಂದು ಜೋಡಣೆಯೂ ಹುಟ್ಟಿಕೊಂಡಿತು. ಅದನ್ನು ಮುಚ್ಚಲು ಬಂದದ್ದು ತಾಮ್ರದ ತಗಡುಗಳ ನಡುವೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ತುಂಬಿದ ಗ್ಯಾಸ್ಕೆಟ್. ರಿಪೇರಿಯ ಸೌಲಭ್ಯಕ್ಕೆ ನಾವು ತೆತ್ತ ಬೆಲೆ ಇದು.

ಭಾರತದ ರಸ್ತೆಗಳಲ್ಲಿ

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ 1957ರಲ್ಲಿ ಅಂಬಾಸಿಡರ್ ತಯಾರಿಸತೊಡಗಿತು. ಅದರ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಮೊದಲು 1476 ಸಿಸಿಯ ಸೈಡ್ ವಾಲ್ವ್ ಎಂಜಿನ್ ಇತ್ತು. 1959ರಲ್ಲಿ ಅದರ ಜಾಗಕ್ಕೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ 1489 ಸಿಸಿಯ ಬಿ-ಸೀರೀಸ್ ಎಂಜಿನ್ ಬಂತು. ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ಅಷ್ಟು ದೀರ್ಘ ಕಾಲ ಅದು ಮಂತ್ರಿಗಳನ್ನೂ ಮದುವೆ ದಿಬ್ಬಣಗಳನ್ನೂ ಹೊತ್ತಿತು. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು. ಕೆಟ್ಟ ಕಾರನ್ನು ಎಸೆಯುವ ಮಾತೇ ಇರಲಿಲ್ಲ, ಬಿಚ್ಚಿ ಕಟ್ಟಲೇಬೇಕಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿಗಳು ಬೆಳೆದದ್ದು ಇಂಥ ಅಗತ್ಯದಿಂದ.

ಈ ಎಂಜಿನ್‌ನ ಸೋರಿಕೆಯಲ್ಲಿ ಎರಡು ಬಗೆ. ಮೊದಲನೆಯದು ಹೊರಗೆ ಕಾಣುವ ಎಣ್ಣೆ. ರಾಕರ್ ಕವರ್, ಕೆಳಗಿನ ಸಂಪ್, ಪಕ್ಕದ ಟ್ಯಾಪೆಟ್ ಕವರ್‌ಗಳಿಗೆ ಕಾರ್ಕಿನ ಗ್ಯಾಸ್ಕೆಟ್. ಶಾಖಕ್ಕೆ ಕಾರ್ಕ್ ಒಣಗಿ ಗಟ್ಟಿಯಾದರೆ ಎಣ್ಣೆ ಜಿನುಗುತ್ತದೆ. ಅನುಭವವಿಲ್ಲದವರು ಬೋಲ್ಟನ್ನು ಇನ್ನಷ್ಟು ಬಿಗಿಯುತ್ತಾರೆ. ತಗಡಿನ ಕವರ್ ಬಾಗಿ ಸೋರಿಕೆ ಹೆಚ್ಚುತ್ತದೆ. ಬಲ್ಲವರು ಮೊದಲು ನೋಡುವುದು ಎಂಜಿನ್ ಉಸಿರಾಡುವ ಬ್ರೀದರ್ ಕೊಳವೆಯನ್ನು. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಹೊಸ ಗ್ಯಾಸ್ಕೆಟ್ ಹಾಕಿದರೂ ಎಣ್ಣೆ ದಾರಿ ಹುಡುಕಿಕೊಳ್ಳುತ್ತದೆ. ಇನ್ನು ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿ ಮೂಲ ವಿನ್ಯಾಸಕಾರರು ರಬ್ಬರ್ ಸೀಲನ್ನೇ ಇಟ್ಟಿರಲಿಲ್ಲ. ತಿರುಗುವಾಗ ಎಣ್ಣೆಯನ್ನು ಒಳಕ್ಕೆ ತಳ್ಳುವ ಸುರುಳಿ ಗೀರು ಮಾತ್ರ ಇತ್ತು. ಕಾರು ನಿಂತಾಗ ಅಲ್ಲಿಂದ ನಾಲ್ಕು ಹನಿ ಬೀಳುವುದು ಅದರ ಹುಟ್ಟುಗುಣ.

ಎರಡನೆಯದು ಹೆಡ್ ಗ್ಯಾಸ್ಕೆಟ್ ಹೋಗುವುದು. ಉರಿಯುವ ಅನಿಲ, ನೀರು, ಎಣ್ಣೆ ಮೂರನ್ನೂ ಬೇರೆ ಬೇರೆಯಾಗಿಡುವ ಹಾಳೆ ಅದು. ರೇಡಿಯೇಟರಿನಲ್ಲಿ ನೀರು ಬತ್ತಿ ಎಂಜಿನ್ ಕಾದರೆ ಇದಕ್ಕೆ ಪೆಟ್ಟು. ಆಗ ರೇಡಿಯೇಟರಿನಲ್ಲಿ ಗುಳ್ಳೆಗಳು ಏಳುತ್ತವೆ, ಎಣ್ಣೆಯ ಮುಚ್ಚಳದ ಒಳಗೆ ಹಾಲುಚಹಾದ ಬಣ್ಣದ ಕೆನೆ ಕಾಣುತ್ತದೆ, ಹೊಗೆ ಬೆಳ್ಳಗಾಗುತ್ತದೆ.

ಮೇಸ್ತ್ರಿ ನೀರು ಬಸಿದು, ಕಾರ್ಬುರೇಟರ್ ಕಳಚಿ, ರಾಕರ್ ಶಾಫ್ಟನ್ನು ಎತ್ತುತ್ತಾನೆ. ಎಂಟು ಪುಶ್‌ರಾಡ್‌ಗಳನ್ನು ರಟ್ಟಿನ ತೂತುಗಳಲ್ಲಿ ಕ್ರಮವಾಗಿ ಚುಚ್ಚಿಡುತ್ತಾನೆ. ಎರಡು ಮೈಗಳನ್ನೂ ಶುಚಿ ಮಾಡಿ, ನೇರ ಪಟ್ಟಿ ಇಟ್ಟು ಹೆಡ್ ಬಾಗಿದೆಯೇ ಎಂದು ನೋಡುತ್ತಾನೆ. ಬಾಗಿದ್ದರೆ ಮೆಷಿನ್ ಶಾಪ್‌ನಲ್ಲಿ ಅದರ ಮೈಯನ್ನು ತೆಳುವಾಗಿ ಕೆತ್ತಿಸಬೇಕು. ಹೊಸ ಗ್ಯಾಸ್ಕೆಟ್ಟಿನ ಮೇಲು ಬದಿ, ಮುಂಬದಿ ತಪ್ಪದಂತೆ ಕೂರಿಸಿ, ಹನ್ನೊಂದು ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿಯಬೇಕು. ಒಂದೇ ಸಲಕ್ಕೆ ಬಿಗಿದರೆ ಕೆಲಸ ಕೆಟ್ಟಿತು. ಎಂಜಿನ್ ಓಡಿಸಿ, ಆರಿದ ಮೇಲೆ ಮತ್ತೊಮ್ಮೆ ಬಿಗಿತ ನೋಡಿ, ವಾಲ್ವ್‌ಗಳ ಅಂತರ ಸರಿಪಡಿಸಿದರೆ ಕೆಲಸ ಮುಗಿಯಿತು. ಈ ವಿದ್ಯೆಯನ್ನು ಬಹುಪಾಲು ಹುಡುಗರು ಕಲಿತದ್ದು ಮೇಸ್ತ್ರಿಯ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತು.

ಉಸಿರಿನೊಳಗಿನ ಸಾಲ

ಈ ಕಥೆಯ ಕಹಿ ಭಾಗ ಇಲ್ಲಿದೆ. ಹಳೆಯ ಗ್ಯಾಸ್ಕೆಟ್ಟನ್ನು ಒಣಗಿದ್ದಂತೆಯೇ ಕೆರೆದಾಗ, ತಂತಿ ಬ್ರಶ್ಶಿನಿಂದ ಉಜ್ಜಿದಾಗ ಕಲ್ನಾರಿನ ಎಳೆಗಳು ಗಾಳಿಗೆ ಬರುತ್ತವೆ. ಬ್ರೇಕ್ ಮತ್ತು ಕ್ಲಚ್ ಧೂಳಿನಲ್ಲಿ ಅವು ಇನ್ನೂ ಹೆಚ್ಚಿರುತ್ತಿದ್ದವು. ಶ್ವಾಸಕೋಶ ಸೇರಿದ ಎಳೆ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಲು ಇಪ್ಪತ್ತು, ನಲವತ್ತು ವರ್ಷ ಹಿಡಿಯಬಹುದು. ಈ ಎಂಜಿನ್ ಹುಟ್ಟಿದ ಬ್ರಿಟನ್ 1999ರಲ್ಲಿ ಕಲ್ನಾರಿನ ಬಳಕೆಯನ್ನು ನಿಷೇಧಿಸಿತು. ಅದಕ್ಕೂ ಮೊದಲೇ, 1995ರಲ್ಲಿ, ನಮ್ಮ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಆರೋಗ್ಯವು ಕಾರ್ಮಿಕನ ಮೂಲಭೂತ ಹಕ್ಕು ಎಂದಿತು. ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಕಾಪಾಡಬೇಕೆಂದೂ ಆದೇಶಿಸಿತು. ಆದರೆ ಹಾಜರಿ ಪುಸ್ತಕವೇ ಇಲ್ಲದ ರಸ್ತೆಬದಿಯ ಗ್ಯಾರೇಜಿನಲ್ಲಿ ದಾಖಲೆ ಇಡುವವರು ಯಾರು? ಅಲ್ಲಿ ಕೆಮ್ಮಿದವನ ಕೆಮ್ಮಿಗೆ ಬೀಡಿಯೋ ವಯಸ್ಸೋ ಕಾರಣವೆಂದು ಹೇಳಿ ಮುಗಿಸಿದ್ದೇ ಹೆಚ್ಚು.

ಇಂದು ಹಳೆಯ ಕಾರುಗಳನ್ನು ಪ್ರೀತಿಯಿಂದ ಮತ್ತೆ ಸಜ್ಜುಗೊಳಿಸುವವರು ಹೆಚ್ಚಿದ್ದಾರೆ. ಅವರು ಗಮನಿಸಬೇಕಾದ್ದು ಇಷ್ಟು: ಹಳೆಯ ಗ್ಯಾಸ್ಕೆಟ್ಟನ್ನು ಒದ್ದೆ ಮಾಡಿಯೇ ತೆಗೆಯಬೇಕು, ಗಾಳಿ ಪೈಪಿನಿಂದ ಊದಬಾರದು, ಸರಿಯಾದ ಮುಖಗವಸು ಬೇಕು, ಕಲ್ನಾರಿಲ್ಲದ ಗ್ಯಾಸ್ಕೆಟ್ಟನ್ನೇ ಕೇಳಿ ಪಡೆಯಬೇಕು. ಕಾರಿನ ಮಾಲೀಕನೂ ಈ ಖರ್ಚನ್ನು ತನ್ನದೆಂದು ತಿಳಿಯಬೇಕು.

ಪ್ರದರ್ಶನದಲ್ಲಿ ಮಿರುಗುವ ಹಳೆಯ ಅಂಬಾಸಿಡರ್ ಕಂಡಾಗ ನಾವು ತಯಾರಿಸಿದ ಕಂಪೆನಿಯನ್ನು ನೆನೆಯುತ್ತೇವೆ, ಅದರಲ್ಲಿ ಕುಳಿತ ದೊಡ್ಡವರನ್ನು ನೆನೆಯುತ್ತೇವೆ. ಅದನ್ನು ಅರ್ಧ ಶತಮಾನ ಓಡಿಸಿದ್ದು ಮಾತ್ರ ಕಪ್ಪು ಎಣ್ಣೆ ಮೆತ್ತಿದ, ಹೆಸರು ಎಲ್ಲೂ ದಾಖಲಾಗದ ಕೈಗಳು. ಆ ಕೈಗಳ ಆಯುಷ್ಯದ ಲೆಕ್ಕವೂ ನಮ್ಮ ಇತಿಹಾಸಕ್ಕೆ ಸೇರಬೇಕಾದದ್ದೇ.