ಮಿಕ್ಸಿಂಗ್, ಸಿಡಿ ರೈಟಿಂಗ್, ಬ್ಯಾಕಪ್: ಕರ್ನಾಟಕದ ಡಿಜಿಟಲ್ ಧ್ವನಿಮುದ್ರಣ

ಬೇರೆಬೇರೆ ಟ್ರ್ಯಾಕ್‌ಗಳಲ್ಲಿ ಮುದ್ರಿಸಿಕೊಂಡ ಗಾಯನ, ತಬಲಾ, ಕೊಳಲು, ಕೀಬೋರ್ಡ್‌ಗಳನ್ನು ಹದವರಿತು ಎಡ, ಬಲ ಎಂಬ ಎರಡು ಚಾನೆಲ್‌ಗಳಿಗೆ ಇಳಿಸುವ ಕೆಲಸ ಮಿಕ್ಸಿಂಗ್. ಇಳಿಸಿದ ಹಾಡನ್ನು ಖಾಲಿ ಡಿಸ್ಕಿಗೆ ಹಾಕುವುದು ಸಿಡಿ ರೈಟಿಂಗ್. ಇಳಿಸುವ ಮುಂಚಿನ ಟ್ರ್ಯಾಕ್‌ಗಳನ್ನೂ ಅವುಗಳ ಜೋಡಣೆಯ ವಿವರವನ್ನೂ ಎತ್ತಿಡುವುದು ಪ್ರಾಜೆಕ್ಟ್ ಬ್ಯಾಕಪ್. ಮೂರು ಕೋಣೆಗಳಲ್ಲಿ ಮೂವರು ಮಾಡಬಹುದಾಗಿದ್ದ ಈ ಕೆಲಸಗಳನ್ನು ಕಂಪ್ಯೂಟರ್ ಒಂದೇ ಮೇಜಿಗೆ ತಂದಿತು. ಸಿಡಿ ಕೈಯಲ್ಲಿದ್ದರೆ ಹಾಡು ಉಳಿದಂತೆಯೇ ಎಂಬ ನಂಬಿಕೆ ಅದರ ಜೊತೆಗೇ ಬಂತು. ಮುಂದಿನ ಬಹುಪಾಲು ತೊಡಕುಗಳ ಬೇರು ಅಲ್ಲಿದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (1934) ತಯಾರಾದದ್ದು ಕೊಲ್ಹಾಪುರದಲ್ಲಿ. ಆಮೇಲೆ ದಶಕಗಳ ಕಾಲ ಕನ್ನಡ ಚಿತ್ರಗೀತೆಯ ಧ್ವನಿಮುದ್ರಣಕ್ಕೆ ಮದರಾಸೇ ಗತಿಯಾಗಿತ್ತು. ಶಂಕರನಾಗ್ 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂಕೇತ್ ಸ್ಟುಡಿಯೊವನ್ನು ರಾಜ್ಯದ ಮೊದಲ ಧ್ವನಿಮುದ್ರಣ ಕೇಂದ್ರವೆಂದು ಅನೇಕ ಬರಹಗಳು ಕರೆಯುತ್ತವೆ. ಅಕ್ಷರಶಃ ತೆಗೆದುಕೊಂಡರೆ ಈ ಮಾತು ನಿಲ್ಲದು. ಬೆಂಗಳೂರು ಆಕಾಶವಾಣಿ 1955ರಲ್ಲೇ ಆರಂಭವಾಗಿತ್ತು, ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಬಾನುಲಿ ಕೇಂದ್ರ 1935ರಷ್ಟು ಹಳೆಯದು. ಸಿನಿಮಾದವರು ಮದರಾಸಿನ ರೈಲು ಹತ್ತದೆ ಇಲ್ಲೇ ಹಾಡು ಮುದ್ರಿಸಿ ಮಿಕ್ಸ್ ಮಾಡಿಕೊಳ್ಳಲು ಅನುವಾದ ಖಾಸಗಿ ಜಾಗ ಎಂಬ ಅರ್ಥದಲ್ಲಿ ಆ ಹೇಳಿಕೆಗೆ ತೂಕವಿದೆ.

ಅದೇ ಹೊತ್ತಿಗೆ ಕ್ಯಾಸೆಟ್ ಮಾರುಕಟ್ಟೆಯೂ ಬೆಳೆಯುತ್ತಿತ್ತು. ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರದು. ಹಂಸಲೇಖ ಸಂಗೀತದ ‘ಪ್ರೇಮಲೋಕ’ವನ್ನು 1987ರಲ್ಲಿ ಲಹರಿ ಸಂಸ್ಥೆ ಹೊರತಂದಿತು. ಆ ಕಾಲದ ಮಿಕ್ಸಿಂಗ್ ಎಂದರೆ ಹಾಡು ಓಡುತ್ತಿರುವಾಗಲೇ ಧ್ವನಿಯ ಮಟ್ಟ ಏರಿಳಿಸುವ ಫೇಡರ್‌ಗಳ ಮೇಲೆ ಬೆರಳಾಡಿಸುವುದು. ಚರಣದಲ್ಲಿ ಕೊಳಲು ತುಸು ಏರಬೇಕಿತ್ತು ಎಂದು ಮರುದಿನ ಅನ್ನಿಸಿದರೆ ಮತ್ತೆ ಮೊದಲಿನಿಂದ ಶುರು. ಎರಡು ಅಂಗುಲ ಅಗಲದ 24 ಟ್ರ್ಯಾಕ್ ಸ್ಪೂಲ್ ಒಂದರಲ್ಲಿ, ಸೆಕೆಂಡಿಗೆ 30 ಅಂಗುಲ ವೇಗದಲ್ಲಿ, ಹದಿನಾರು ಚಿಲ್ಲರೆ ನಿಮಿಷ ಮಾತ್ರ ಹಿಡಿಯುತ್ತಿತ್ತು. ಸ್ಪೂಲ್ ದುಬಾರಿ. ಹಾಗಾಗಿ ಮಿಕ್ಸ್ ಮುಗಿದ ಮೇಲೆ ಅದನ್ನೇ ಅಳಿಸಿ ಬೇರೆ ಹಾಡಿಗೆ ಬಳಸುವ ರೂಢಿ ಜಗತ್ತಿನ ಹಲವೆಡೆ ಇತ್ತು. ಮೂಲ ಟ್ರ್ಯಾಕ್‌ಗಳ ನಷ್ಟವನ್ನು ಕಂಪ್ಯೂಟರ್ ಯುಗದ ತಲೆಗೇ ಕಟ್ಟುವುದು ಸರಿಯಲ್ಲ.

ಕಂಪ್ಯೂಟರ್ ಮೇಲಿನ ಧ್ವನಿಮುದ್ರಣಕ್ಕೆ ದಾರಿ ಮಾಡಿದವು 1991ರ ಪ್ರೊ ಟೂಲ್ಸ್ ಮತ್ತು 1996ರ ಕ್ಯೂಬೇಸ್ ವಿಎಸ್‌ಟಿ ಎಂಬ ಸಾಫ್ಟ್‌ವೇರ್‌ಗಳು. ಮೊದಲನೆಯದು ಆರಂಭದಲ್ಲಿ ನಾಲ್ಕೇ ಟ್ರ್ಯಾಕಿನದು. ಎರಡನೆಯದು ಎಫೆಕ್ಟ್‌ಗಳನ್ನೂ ಸಾಫ್ಟ್‌ವೇರಿನೊಳಗೆ ತಂದಿತು. ಫೇಡರ್‌ನ ಪ್ರತಿ ಚಲನೆ ಈಗ ಫೈಲಿನಲ್ಲಿ ದಾಖಲಾಗಿ, ತಿದ್ದಿದ ಮಿಕ್ಸ್ ಮತ್ತೆ ತೆರೆದುಕೊಳ್ಳತೊಡಗಿತು. ಮಿಕ್ಸನ್ನು ಫೈಲಾಗಿ ಇಳಿಸುವ, ಅಂದರೆ ಬೌನ್ಸ್ ಮಾಡುವ, ವೇಗ ಮಾತ್ರ ಎಲ್ಲ ಕಡೆ ಒಟ್ಟಿಗೆ ಹೆಚ್ಚಲಿಲ್ಲ: ಪ್ರೊ ಟೂಲ್ಸ್‌ನಲ್ಲಿ 2013ರ 11ನೇ ಆವೃತ್ತಿ ಬರುವವರೆಗೆ ಐದು ನಿಮಿಷದ ಹಾಡು ಬೌನ್ಸ್ ಆಗಲು ಐದು ನಿಮಿಷವೇ ಬೇಕಿತ್ತು. ನಿರ್ಮಾಪಕರು ಹಿಂದಿನ ಸೋಫಾದಲ್ಲಿ ಕೂತು ಇನ್ನೊಮ್ಮೆ ಪೂರ್ತಿ ಕೇಳುವುದಕ್ಕೆ ಅದೊಂದು ನೆಪವೂ ಆಗುತ್ತಿತ್ತು.

ಸಿಡಿ 1982ರಲ್ಲಿ ಮಾರುಕಟ್ಟೆಗೆ ಬಂದರೂ, ಬರೆಯಬಲ್ಲ ಸಿಡಿ-ಆರ್‌ನ ಮಾನಕ ‘ಆರೆಂಜ್ ಬುಕ್’ ಹೊರಬಂದದ್ದು 1990ರಲ್ಲಿ. ಅಚ್ಚಿನ ಸಿಡಿಯಲ್ಲಿ ಮಾಹಿತಿ ಗುಳಿಗಳ ರೂಪದಲ್ಲಿ ಒತ್ತಿರುತ್ತದೆ. ಸಿಡಿ-ಆರ್‌ನಲ್ಲಿ ಲೇಸರ್ ಸಾವಯವ ಬಣ್ಣದ ಪದರವನ್ನು ಸುಟ್ಟು ಗುರುತು ಮಾಡುತ್ತದೆ. ಬರೆಯುವಾಗ ಕಂಪ್ಯೂಟರಿನಿಂದ ಮಾಹಿತಿಯ ಹರಿವು ತಪ್ಪಿದರೆ ಡಿಸ್ಕ್ ಕೆಡುತ್ತಿತ್ತು. ಕರೆಂಟು ಹೋಗಿಬಂದು ಮಾಡುತ್ತಿದ್ದ ಊರುಗಳಲ್ಲಿ ಯುಪಿಎಸ್ ಇಲ್ಲದೆ ಸಿಡಿ ರೈಟ್ ಮಾಡಲು ಕೂರುವುದು ಮೊಂಡು ಧೈರ್ಯದ ಕೆಲಸವಾಗಿತ್ತು. ಹರಿವು ತಪ್ಪಿದರೆ ಅಲ್ಲೇ ನಿಂತು, ಸರಿಹೋದ ಮೇಲೆ ಮುಂದುವರಿಯುವ ‘ಬರ್ನ್-ಪ್ರೂಫ್’ ತಂತ್ರವನ್ನು ಸ್ಯಾನ್ಯೊ 2000ದಲ್ಲಿ ತಂದಿತು.

ಕಾರ್ಖಾನೆಗೆ ಕಳಿಸುವ ಮಾಸ್ಟರ್ ಸಿಡಿಯ ವಿಷಯದಲ್ಲಿ ಇನ್ನೊಂದು ಕಟ್ಟುನಿಟ್ಟಿತ್ತು. ಒಂದೊಂದೇ ಹಾಡು ಬರೆದು ಲೇಸರ್ ನಿಲ್ಲಿಸುತ್ತ ಹೋದರೆ ನಡುವೆ ಕೊಂಡಿಯ ಗುರುತುಗಳು ಬೀಳುತ್ತವೆ. ಮನೆಯ ಪ್ಲೇಯರ್ ಅವನ್ನು ಸಹಿಸಿಕೊಂಡರೂ ಕಾರ್ಖಾನೆಯ ಯಂತ್ರ ದೋಷವೆಂದು ಪರಿಗಣಿಸುತ್ತದೆ. ಇಡೀ ಡಿಸ್ಕನ್ನು ಒಂದೇ ಉಸಿರಿನಲ್ಲಿ ಬರೆಯಬೇಕು ಎಂಬ ನಿಯಮ ಬಂದದ್ದು ಹಾಗೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಖಾಲಿ ಡಿಸ್ಕುಗಳು ಗೋಪುರ ಗೋಪುರವಾಗಿ ಮಾರಾಟಕ್ಕೆ ಬಂದ ಮೇಲೆ ಸಿಡಿ ರೈಟಿಂಗ್ ಸ್ಟುಡಿಯೊದ ಹೊಸ್ತಿಲು ದಾಟಿ ಬೀದಿಗಿಳಿಯಿತು. ಸೈಬರ್ ಕೆಫೆಗಳು, ಜೆರಾಕ್ಸ್ ಅಂಗಡಿಗಳು ಸಿಡಿ ರೈಟ್ ಮಾಡಿಕೊಡುವುದಾಗಿ ಬೋರ್ಡು ಹಾಕಿದವು. ಇದರ ದೊಡ್ಡ ಫಲಾನುಭವಿಗಳಲ್ಲಿ ಯಕ್ಷಗಾನವೂ ಒಂದು. ಒಂಬತ್ತು ಗಂಟೆಯ ಇಡೀ ರಾತ್ರಿಯ ಪ್ರಸಂಗಕ್ಕೆ 80 ನಿಮಿಷದ ಆಡಿಯೊ ಸಿಡಿ ಏಳು ಬೇಕು. 128 ಕೆಬಿಪಿಎಸ್ ಎಂಪಿ3 ಆದರೆ 700 ಎಂಬಿಯ ಒಂದೇ ಡಿಸ್ಕಿನಲ್ಲಿ ಹನ್ನೆರಡು ಗಂಟೆ ಹಿಡಿಯುತ್ತದೆ. ಚೆಂಡೆಯ ಗಡಸು ಪೆಟ್ಟು ಎಂಪಿ3ಯಲ್ಲಿ ಮಸುಕಾಗುವುದೂ ನಿಜವೇ.

ನಕಲಿ ಡಿಸ್ಕುಗಳ ದಂಧೆಯೂ ಅದೇ ದಾರಿಯಲ್ಲಿ ಬೆಳೆಯಿತು. ಕರ್ನಾಟಕ ಸರ್ಕಾರ 2014ರ ತಿದ್ದುಪಡಿಯ ಮೂಲಕ ಗೂಂಡಾ ಕಾಯ್ದೆಯ ವ್ಯಾಪ್ತಿಗೆ ಡಿಜಿಟಲ್ ಅಪರಾಧಿಗಳನ್ನೂ ಆಡಿಯೊ-ವಿಡಿಯೊ ಕಳ್ಳರನ್ನೂ ಸೇರಿಸಿತು. ಆ ತಿದ್ದುಪಡಿ ಬಂದಾಗ ಡಿಸ್ಕಿನ ಕಾಲವೇ ಮುಗಿಯುತ್ತ ಬಂದಿತ್ತು: ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊ 2012ರಲ್ಲಿ ಡಿಸ್ಕ್ ಡ್ರೈವ್ ಇಲ್ಲದೆ ಬಂದಿತ್ತು, ದೇಶದ ದೊಡ್ಡ ಡಿಸ್ಕ್ ತಯಾರಕ ಮೋಸರ್ ಬೇರ್ ಕಂಪನಿ 2018ರಲ್ಲಿ ಸಮಾಪನೆಗೆ ಹೋಯಿತು.

ಬ್ಯಾಕಪ್‌ನ ಇತಿಹಾಸ ಇಷ್ಟು ನೇರವಲ್ಲ, ಬರಹಗಳಲ್ಲಿ ಅದಕ್ಕೆ ಸಿಕ್ಕ ಜಾಗವೂ ಕಡಿಮೆ. ಪ್ರಾಜೆಕ್ಟ್ ಫೈಲಿನಲ್ಲಿ ಧ್ವನಿ ಇರುವುದಿಲ್ಲ. ಯಾವ ಆಡಿಯೊ ತುಣುಕು ಎಲ್ಲಿ, ಎಷ್ಟು ಜೋರಾಗಿ, ಯಾವ ಎಫೆಕ್ಟಿನೊಡನೆ ಎಂಬ ನಿರ್ದೇಶನ ಮಾತ್ರ ಇರುತ್ತದೆ. ಕೆಲವೇ ಎಂಬಿಯ ಆ ಫೈಲನ್ನಷ್ಟೇ ನಕಲು ಮಾಡಿ ಹಾರ್ಡ್ ಡಿಸ್ಕ್ ಖಾಲಿ ಮಾಡಿದವರಿಗೆ ಮುಂದೆ ಸಿಗುವುದು ‘ಫೈಲ್ ಕಾಣುತ್ತಿಲ್ಲ’ ಎಂಬ ಪಟ್ಟಿ. ಗಾತ್ರವೂ ಒಂದು ಕಾರಣ. 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೊನೊ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ ಆಗುತ್ತದೆ. 48 ಟ್ರ್ಯಾಕಿನ ಐದು ನಿಮಿಷದ ಹಾಡು ಎರಡು ಜಿಬಿ ದಾಟುತ್ತದೆ. ಮೂರು ಸಿಡಿಗೆ ಹಂಚಬೇಕಿದ್ದುದು 4.7 ಜಿಬಿಯ ಡಿವಿಡಿ ಬಂದ ಮೇಲೆ ಒಂದರಲ್ಲೇ ಹಿಡಿಯಿತು. ಯಕ್ಷಗಾನದ ನೇರ ಮುದ್ರಣಕ್ಕೆ ಬೇರೆಯದೇ ತೊಡಕು: ಸಾಮಾನ್ಯ ವೇವ್ ಫೈಲ್ 4 ಜಿಬಿ ಮೀರದು, ಅಂದರೆ ಇದೇ ಗುಣಮಟ್ಟದ ಸ್ಟೀರಿಯೊದಲ್ಲಿ ಸುಮಾರು ನಾಲ್ಕು ಗಂಟೆ. ರಾತ್ರಿಯಿಡೀ ಆಟ ಮುದ್ರಿಸಿದರೆ ಫೈಲ್ ತುಂಡಾಗುತ್ತದೆ, ತುಂಡುಗಳ ಕ್ರಮವನ್ನೂ ಕಾಯಬೇಕಾಗುತ್ತದೆ.

ಡಿಸ್ಕಿನ ಆಯಸ್ಸು ಇಂದಿಗೂ ವಿವಾದದ ವಿಷಯ. ನೂರು ವರ್ಷ ಬಾಳುತ್ತದೆ ಎಂಬುದು ತಯಾರಕರ ಜಾಹೀರಾತು. ಬಣ್ಣದ ಪದರ ಬೆಳಕು, ಸೆಕೆ, ತೇವಕ್ಕೆ ಕೆಡುತ್ತದೆ. ಅದರಲ್ಲೂ ಸಯನೈನ್ ಬಣ್ಣದವು ಥ್ಯಾಲೊಸಯನೈನ್ ಬಣ್ಣದವುಗಳಿಗಿಂತ ಬೇಗ. ಕರಾವಳಿಯ ಮಳೆಗಾಲಕ್ಕೆ ಜಾಹೀರಾತಿನ ಲೆಕ್ಕ ಹೊಂದುವುದು ಕಷ್ಟ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿಯೂ ಬರೆದ ಡಿಸ್ಕನ್ನು ನಂಬಲರ್ಹ ಭಂಡಾರವೆಂದು ಒಪ್ಪುವುದಿಲ್ಲ. ಕನಿಷ್ಠ 48 ಕಿಲೊಹರ್ಟ್ಸ್, 24 ಬಿಟ್‌ನ ಫೈಲ್‌ಗಳನ್ನು ಒಂದಕ್ಕಿಂತ ಹೆಚ್ಚು ಕಡೆ ಇಡಲು ಹೇಳುತ್ತದೆ. ಹಾರ್ಡ್ ಡಿಸ್ಕ್, ಮ್ಯಾಗ್ನೆಟಿಕ್ ಟೇಪು, ಕ್ಲೌಡ್ ಯಾವುದಾದರೂ ಸರಿ, ಫೈಲ್ ತೆರೆಯಬಲ್ಲ ಸಾಫ್ಟ್‌ವೇರ್ ಇಲ್ಲದಿದ್ದರೆ ಪ್ರಯೋಜನವಿಲ್ಲ. ಎಫೆಕ್ಟ್ ಕೊಡುವ ಪ್ಲಗಿನ್‌ನ ಕಂಪನಿ ಮುಚ್ಚಿದರೆ ಮಿಕ್ಸೂ ಮುಚ್ಚಿದಂತೆ. ಇದಕ್ಕಿರುವ ಉಪಾಯ ಸರಳ: ಪ್ರತಿ ಟ್ರ್ಯಾಕನ್ನೂ ಹಾಡಿನ ಸೊನ್ನೆ ಸೆಕೆಂಡಿನಿಂದ ಕೊನೆಯವರೆಗೆ ಒಂದೊಂದು ಅಖಂಡ ವೇವ್ ಫೈಲಾಗಿ ತೆಗೆದಿಡುವುದು. ‘ಫೈನಲ್’, ‘ಹೊಸ ಫೈನಲ್’, ‘ಫೈನಲ್ 3’ ಎಂಬ ಫೋಲ್ಡರ್‌ಗಳಲ್ಲಿ ನಿಜವಾದ ಫೈನಲ್ ಯಾವುದೆಂಬ ಪ್ರಶ್ನೆಗೆ ತಂತ್ರಜ್ಞಾನದಲ್ಲಿ ಉತ್ತರವಿಲ್ಲ.

ಇತ್ತೀಚಿನ ದಶಕದಲ್ಲಿ ಸ್ಟುಡಿಯೊ ಎಂಬುದು ವಿಳಾಸಕ್ಕೆ ಕಟ್ಟುಬಿದ್ದಿಲ್ಲ. ‘ಕೆಜಿಎಫ್’ ಚಿತ್ರಗಳ ಸಂಗೀತ ನಿರ್ದೇಶಕ ರವಿ ಬಸ್ರೂರು ಕುಂದಾಪುರ ತಾಲ್ಲೂಕಿನ ತಮ್ಮೂರಿನಲ್ಲೇ ಸ್ಟುಡಿಯೊ ಕಟ್ಟಿಕೊಂಡರು. ಬೆಂಗಳೂರಿನ ಬೇಗೂರು, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ಬಾಡಿಗೆ ಮನೆಯ ಕೋಣೆಯಲ್ಲೂ ಲ್ಯಾಪ್‌ಟಾಪ್, ಆಡಿಯೊ ಇಂಟರ್‌ಫೇಸ್, ಹೆಡ್‌ಫೋನ್ ಇದ್ದರೆ, ರಸ್ತೆಯ ಗದ್ದಲ ತಗ್ಗಿದ ರಾತ್ರಿಯಲ್ಲಿ ಹಾಡು ಮುದ್ರಿಸಿ ಮಿಕ್ಸ್ ಮಾಡಬಹುದು. ಬೆಂಗಳೂರಿನ ಸಂಗೀತ ಸಂಯೋಜಕ ರಿಕಿ ಕೇಜ್ ಮತ್ತು ಡ್ರಮ್ ವಾದಕ ಸ್ಟೂವರ್ಟ್ ಕೋಪ್‌ಲ್ಯಾಂಡ್ ಅವರ, ಲಹರಿ ಹೊರತಂದ ‘ಡಿವೈನ್ ಟೈಡ್ಸ್’ 2022ರಲ್ಲಿ ನ್ಯೂ ಏಜ್ ವಿಭಾಗದಲ್ಲಿ ಗ್ರ್ಯಾಮಿ ಗಳಿಸಿತು. ಅದೇ ಆಲ್ಬಂ ಕೇಳುಗರನ್ನು ಎಲ್ಲ ದಿಕ್ಕಿನಿಂದ ಸುತ್ತುವರಿಯುವಂತೆ ಮರುಮಿಕ್ಸ್ ಆಗಿ 2023ರಲ್ಲಿ ಇಮ್ಮರ್ಸಿವ್ ಆಡಿಯೊ ವಿಭಾಗದಲ್ಲೂ ಗೆದ್ದಿತು. ಇಂಥ ಮರುಮಿಕ್ಸ್ ಎರಡು ಚಾನೆಲ್ಲಿನ ಸಿಡಿಯಿಂದ ಚೆನ್ನಾಗಿ ಆಗದು, ಬಿಡಿ ಟ್ರ್ಯಾಕ್‌ಗಳು ಬೇಕು. ಹಳೆಯ ಪ್ರಾಜೆಕ್ಟ್‌ಗಳಿಗೆ ವ್ಯಾಪಾರದ ಬೆಲೆ ಕುದುರಿದ್ದು ಇದರಿಂದ.

ಸಾರ್ವಜನಿಕ ಸಂಗ್ರಹಗಳು ಕೆಲವಿವೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಜಾನಪದ ರಂಗಕಲೆಗಳ ಸಂಪನ್ಮೂಲ ಕೇಂದ್ರ ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನು ಕಾಪಿಟ್ಟಿದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ 2019ರಲ್ಲಿ ತೆರೆದ ದಾಖಲಾಗಾರದಲ್ಲಿ ವಿಜ್ಞಾನಿಗಳ ಮೌಖಿಕ ಇತಿಹಾಸದ ಧ್ವನಿಗಳಿವೆ. ಚಿತ್ರಗೀತೆ, ಭಾವಗೀತೆಗಳ ಪ್ರಾಜೆಕ್ಟ್ ಫೈಲ್‌ಗಳು ಆಡಿಯೊ ಕಂಪನಿಗಳ, ಸಂಗೀತ ನಿರ್ದೇಶಕರ, ಸ್ಟುಡಿಯೊಗಳ ಖಾಸಗಿ ವಶದಲ್ಲಿರುತ್ತವೆ. ಪುಸ್ತಕದ ಪ್ರತಿಯನ್ನು ಸಾರ್ವಜನಿಕ ಗ್ರಂಥಾಲಯಗಳಿಗೆ ಒಪ್ಪಿಸಬೇಕೆನ್ನುವ 1954ರ ಕೇಂದ್ರ ಕಾಯ್ದೆಯನ್ನು 1956ರಲ್ಲಿ ಪತ್ರಿಕೆಗಳಿಗೂ ವಿಸ್ತರಿಸಲಾಯಿತು. ಧ್ವನಿಮುದ್ರಣಗಳು ಅದರ ವ್ಯಾಪ್ತಿಗೆ ಬಂದಿಲ್ಲ.